‘ಆಸ್ಟರಾಯ್ಡ್ ಬ್ಲೂಸ್’ಗೆ ಕನ್ನಡ ಸಬ್‌ಟೈಟಲ್: ಕೆಲಸ ಎಲ್ಲಿಗೆ ಬಂತು

ಮೊದಲ ಶನಿವಾರ

ಕೊನೆಗೂ ಕೂತೆ. ‘ಕೌಬಾಯ್ ಬೀಬಾಪ್’ ಅನ್ನುವ ಜಪಾನಿ ಕಾರ್ಟೂನ್ ಸರಣಿಯ ಮೊದಲ ಕಂತು ‘ಆಸ್ಟರಾಯ್ಡ್ ಬ್ಲೂಸ್’ಗೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ. ಒಟ್ಟು 26 ಕಂತು ಇವೆ, ಅಷ್ಟು ದೂರದ ಮಾತು ಈಗ ಬೇಡ. ನೋಡುವವರು ಇಬ್ಬರೇ, ಅಪ್ಪ ಮತ್ತು ಅಮ್ಮ. ಇಂಗ್ಲಿಷ್ ಸಾಲುಗಳು ಓಡುವ ವೇಗಕ್ಕೆ ಅಪ್ಪನ ಕಣ್ಣು ಓಡುವುದಿಲ್ಲ. ಅಮ್ಮನಿಗೆ ‘ಕಾರ್ಟೂನ್’ ಅಂದರೆ ಸಾಕು, ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಇವತ್ತು ಬರೆದ ಸಾಲು: ಸೊನ್ನೆ. ಸೋಮಾರಿತನ ಅಲ್ಲ. ಟೈಟಲ್ ಹಾಡು ಬರುವ ತನಕ ಮಾತೇ ಇಲ್ಲ. ಮಳೆ, ಮ್ಯೂಸಿಕ್ ಬಾಕ್ಸಿನ ಸಣ್ಣ ದನಿ, ಸಿಗರೇಟು ಸೇದುತ್ತಾ ನಿಂತ ಕಥಾನಾಯಕ ಸ್ಪೈಕ್, ನೀರಿಗೆ ಬಿದ್ದ ಗುಲಾಬಿ, ಗುಂಡಿನ ಹೊಡೆದಾಟ. ಬಣ್ಣವೂ ಹೆಚ್ಚುಕಮ್ಮಿ ಇಲ್ಲ. ಯಾರು, ಯಾಕೆ, ಯಾವಾಗ, ಏನೂ ಹೇಳುವುದಿಲ್ಲ. ಆಮೇಲೆ ಯೋಕೊ ಕಾನ್ನೊ ಅವರ ‘ಟ್ಯಾಂಕ್!’ ಕಹಳೆ ಊದಿಕೊಂಡು ನುಗ್ಗುತ್ತದೆ. ಅದನ್ನೇ ಆರು ಸಲ ಕೇಳಿ ಮಲಗಿದೆ.

ಭಾನುವಾರ

ದುಡ್ಡಿನ ಲೆಕ್ಕ ಸಲೀಸಾಯಿತು. ಅಸಿಮೊವ್ ಸೊಲೆನ್ಸನ್ ಅನ್ನುವ ಕಳ್ಳನ ತಲೆಗೆ ಎರಡೂವರೆ ಮಿಲಿಯನ್ ವೂಲಾಂಗ್ (ಕಥೆಯೊಳಗಿನ ದುಡ್ಡು) ಇನಾಮು. ಜಪಾನಿಯಲ್ಲಿ ಅದನ್ನು 250 ‘ಮಾನ್’ ಅಂತಾರೆ, ಒಂದು ಮಾನ್ ಅಂದರೆ ಹತ್ತು ಸಾವಿರ. ನಮಗೆ ನೇರವಾಗಿ 25 ಲಕ್ಷ. ಕಥೆ ನಡೆಯುವ 2071ರಲ್ಲೂ ಲಕ್ಷ ಇರಲಿ ಬಿಡಿ.

‘ಬೌಂಟಿ ಹಂಟರ್’ಗೆ ‘ತಲೆಬೇಟೆಗಾರ’ ಅಂತ ಹಾಕಿದ್ದೆ. ಓದಿದರೆ ರಾಕ್ಷಸನ ಹೆಸರಿನಂತಿದೆ. ಜಪಾನಿ ಪದದಲ್ಲಿ ಬೇಟೆಯೇ ಇಲ್ಲ, ಬಹುಮಾನದ ದುಡ್ಡಲ್ಲಿ ಹೊಟ್ಟೆ ಹೊರೆಯುವವನು ಅಂತಷ್ಟೇ. ‘ಇನಾಮಿನವರು’ ಅಂತ ಬರೆದೆ. ಕೌಬಾಯ್ ಮಾತ್ರ ಕೌಬಾಯ್ ಆಗಿಯೇ ಇರುತ್ತಾನೆ.

ಎರಡನೇ ವಾರ: ಊಟದ ಜಗಳ

ಈ ವಾರ ಪೂರ್ತಿ ಒಂದೇ ದೃಶ್ಯಕ್ಕೆ ಹೋಯಿತು. ಸ್ಪೈಕ್ ಕತ್ತಲಲ್ಲಿ ಒಬ್ಬನೇ ಕೈಕಾಲು ಆಡಿಸುತ್ತಿದ್ದಾನೆ, ಬ್ರೂಸ್ ಲೀ ಶುರು ಮಾಡಿದ ಜೀತ್ ಕುನ್ ಡೋ. ಇನಾಮಿನ ಕೆಲಸದಲ್ಲಿ ಅವನ ಜೊತೆಗಾರ ಜೆಟ್ ಬಾಣಲೆ ಹಿಡಿದು ಚಿಂಜಾವೊ ರೋಸು ಮಾಡುತ್ತಿದ್ದಾನೆ. ಅಂದರೆ ದಪ್ಪ ಮೆಣಸಿನಕಾಯಿ ಜೊತೆ ಸಣ್ಣಗೆ ಹೆಚ್ಚಿದ ಮಾಂಸ ಹುರಿಯುವ ಚೀನೀ ಅಡುಗೆ. ತಟ್ಟೆಯಲ್ಲಿ ಮಾಂಸ ಇಲ್ಲ. ಹೋದ ಸಲದ ಇನಾಮು ಸ್ಪೈಕ್ ಮಾಡಿದ ಹಾನಿಗೇ ಖರ್ಚಾಗಿದೆ.

ಮೊದಲು ತಲೆಗೆ ಬಂದದ್ದು ಬದನೆಕಾಯಿ ಇಲ್ಲದ ಎಣ್ಣೆಗಾಯಿ. ಖುಷಿಯಾಯಿತು, ಒಂದು ಗಂಟೆ. ಆಮೇಲೆ ಪರದೆ ನೋಡಿದೆ. ಹಸಿರು ಮೆಣಸಿನಕಾಯಿ ಎದುರಿಗೇ ಇದೆ, ಚಾಪ್‌ಸ್ಟಿಕ್ಕೂ ಇದೆ. ಅಳಿಸಿದೆ. ‘ಮಾಂಸರಹಿತ’ ಅಂತ ಬರೆದರೆ ಹೋಟೆಲಿನ ಬೋರ್ಡು. ಕೊನೆಗೆ ಉಳಿದದ್ದು ಇಷ್ಟು:

‘ಮಾಂಸ ಇಲ್ಲದ್ದನ್ನ ಮಾಂಸದ ಪಲ್ಯ ಅಂತಾರಾ?’
‘ಅಂತಾರೆ.’
‘ಅನ್ನಲ್ಲ.’
‘ಕೈಲಿ ಕಾಸಿಲ್ದಾಗ ಅಂತಾರೆ!’

ಜಪಾನಿಯಲ್ಲೂ ಇದು ಒಂದೇ ಕ್ರಿಯಾಪದದ ಗುದ್ದಾಟ, ನಮ್ಮ ‘ಅಂತಾರೆ’ಯ ಹಾಗೆಯೇ. ಇಷ್ಟು ಹತ್ತಿರ ಕೂರುತ್ತೆ ಅಂತ ಅಂದುಕೊಂಡಿರಲಿಲ್ಲ. ಇಬ್ಬರೂ ‘ನೀನು’. ಜೆಟ್‌ಗೆ 36, ಸ್ಪೈಕ್‌ಗೆ 27, ಆದರೂ ಸ್ಪೈಕ್ ಬಾಯಲ್ಲಿ ‘ನೀವು’ ಬರುವುದೇ ಇಲ್ಲ, ಬರೆದು ನೋಡಿದೆ.

ಮೂರನೇ ವಾರ

ಲಾಫಿಂಗ್ ಬುಲ್ ಕೈಕೊಟ್ಟ. ಭವಿಷ್ಯ ಹೇಳುವ ಮುದುಕ, ಸ್ಪೈಕ್‌ನನ್ನು ‘ಈಜುವ ಹಕ್ಕಿ’ ಅಂತ ಕರೆಯುತ್ತಾನೆ. ಹಕ್ಕಿ ಅಂದ ತಕ್ಷಣ ನನ್ನ ಕೈ ಬುಡಬುಡಿಕೆಯವನ ಧಾಟಿಗೆ ಹೋಯಿತು. ‘ನುಡೀತೈತೆ’ ಅಂತ ನಾಲ್ಕು ಸಾಲು ಬರೆದು ಜೋರಾಗಿ ಓದಿದೆ. ಪಕ್ಕದ ರೂಮಿನಿಂದ ತಂಗಿ ನಕ್ಕಳು. ಅವನಿಗೆ ಈಗ ಬರೀ ನಿಧಾನದ, ತುಂಡು ತುಂಡು ಮಾತು.

ಅದೇ ದೃಶ್ಯದಲ್ಲಿ ಸ್ಪೈಕ್ ಹೇಳುವ ಒಂದು ಮಾತಿದೆ, ಹಿಂದೆ ಒಮ್ಮೆ ಹೆಂಗಸೊಬ್ಬಳು ತನ್ನನ್ನು ಕೊಂದಿದ್ದಾಳೆ ಅಂತ. ಅದು ಕರ್ಮಣಿ ಪ್ರಯೋಗ. ‘ಕೊಲ್ಲಲ್ಪಟ್ಟಿದ್ದೇನೆ’ ಅಂದರೆ ಶಾಲೆಯ ವ್ಯಾಕರಣದ ಉತ್ತರ. ‘ಒಂದ್ಸಲ ಒಬ್ಬಳ ಕೈಲಿ ಸತ್ತಿದ್ದೀನಿ’ ಅಂತ ಮಾಡಿದೆ. ಸಾಯುವುದನ್ನು ಕಾಫಿ ಕುಡಿದಷ್ಟು ಸಲೀಸಾಗಿ ಹೇಳಬೇಕು ಅವನು. ಶುರುವಿನ ಮಳೆಯೂ ಗುಲಾಬಿಯೂ ಇದೇ ಮಾತಿನ ಹಿಂದೆ ನಿಂತಿವೆ. ಹಾಗಾಗಿ ‘ಒಬ್ಬಳ’ ಅಷ್ಟೇ, ವಿವರ ಸೇರಿಸಿಲ್ಲ.

ಇನ್ನೊಂದು ಸಂಗತಿ. 1998ರ ಏಪ್ರಿಲ್‌ನಲ್ಲಿ ಟಿವಿ ಟೋಕಿಯೋ ಈ ಸರಣಿ ಶುರು ಮಾಡಿದಾಗ ಮೊದಲ ಕಂತನ್ನು ತೋರಿಸಲೇ ಇಲ್ಲ, ಎರಡನೆಯದರಿಂದ ಹಿಡಿದರು. ಇದು ಟಿವಿಗೆ ಬಂದದ್ದು ಅಕ್ಟೋಬರ್‌ನಲ್ಲಿ, ವೌವೌ ಚಾನೆಲ್ ಪೂರ್ತಿ ಸರಣಿ ಹಾಕಿದಾಗ. ನಿರ್ದೇಶಕ ಶಿನಿಚಿರೊ ವಟನಬೆ, ಬರೆದ ಕೇಕೊ ನೊಬುಮೊಟೊ ಇಬ್ಬರೂ ಇಷ್ಟು ಹುಷಾರಾಗಿ ಬಾಗಿಲು ಕೆತ್ತಿದ್ದರೆ, ಜನ ಮೊದಲು ಒಳಗೆ ಬಂದದ್ದು ಕಿಟಕಿಯಿಂದ!

ನಾಲ್ಕನೇ ವಾರ: ತಾಂತ್ರಿಕ ಪರದಾಟ

ನಾನು ಬಳಸುವ ಎಡಿಟರ್‌ಗೆ ಕನ್ನಡ ಎಣಿಸಲು ಬರುವುದಿಲ್ಲ. ‘ಸ್ಪೈಕ್’ ಕಣ್ಣಿಗೆ ಎರಡು ಅಕ್ಷರ, ಅದರ ಲೆಕ್ಕದಲ್ಲಿ ಆರು. ಎಲ್ಲ ಸಾಲೂ ಉದ್ದ ಅಂತ ಕೆಂಪಗಾಗಿ ಕೂತಿತು. ಎಣಿಕೆ ಬಿಟ್ಟು, ಜೋರಾಗಿ ಓದಿ ಮುಗಿಯುವಷ್ಟೇ ಸಾಲು ಅಂತ ಇಟ್ಟುಕೊಂಡೆ. ಹೊಡೆದಾಟದಲ್ಲಿ ‘ಆ!’ ‘ಏಯ್!’ ಎಲ್ಲ ತೆಗೆದೆ. ಬಾರಿನ ಮೂರು ಮುದುಕರು, ಆಂಟೋನಿಯೊ, ಕಾರ್ಲೋಸ್, ಜೋಬಿಂ, ಇವರ ಹರಟೆಯಲ್ಲಿ ಅರ್ಧ ಬಿಟ್ಟೆ. ಬ್ರೆಜಿಲಿನ ಬೋಸಾ ನೋವಾ ಸಂಗೀತಗಾರನ ಒಂದೇ ಹೆಸರನ್ನು ಮೂವರಿಗೆ ಹಂಚಿದ ತಮಾಷೆ ಹೇಗೂ ಸಬ್‌ಟೈಟಲ್‌ನಲ್ಲಿ ಹಿಡಿಯುವುದಿಲ್ಲ.

ಪೆನ್‌ಡ್ರೈವ್ ಟಿವಿಗೆ ಹಾಕಿದರೆ ಕನ್ನಡದ ಜಾಗದಲ್ಲಿ ಬರೀ ಚೌಕ. ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಹಾಕಿದೆ. ಆಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ. ಸಾಲುಗಳ ನಡುವೆ ಜಾಗ ಬಿಟ್ಟು, ಕಪ್ಪು ಅಂಚು ಸಣ್ಣ ಮಾಡಿದ ಮೇಲೆ ಸರಿಹೋಯಿತು.

ನಿನ್ನೆ ರಾತ್ರಿ: ಪ್ರದರ್ಶನ

ಕಂತು ನೋಡದವರು ಇಲ್ಲಿಗೆ ನಿಲ್ಲಿಸಿ.

ಅಮ್ಮ ಎದ್ದು ಹೋಗಲಿಲ್ಲ. ಬಸುರಿ ಅಂದುಕೊಂಡಿದ್ದ, ಅಸಿಮೊವ್‌ನ ಜೊತೆಗಾತಿ ಕಟೆರಿನಾ ಹೊಟ್ಟೆಯಿಂದ ಮಾದಕದ ಸೀಸೆಗಳು ಉದುರಿದಾಗ ‘ಅಯ್ಯೋ’ ಅಂದಳು. ಅವಳೂ ಅಸಿಮೊವ್ ಕೂಡ ಹೋಗಬೇಕಿದ್ದದ್ದು ಮಂಗಳ ಗ್ರಹಕ್ಕೆ. ಪೊಲೀಸ್ ಹಡಗುಗಳು ದಾರಿ ಕಟ್ಟಿ ನಿಂತಾಗ ಅವಳು ಅಸಿಮೊವ್‌ಗೆ ಗುಂಡು ಹಾಕುತ್ತಾಳೆ. ‘ಅಡಿಯೋಸ್’ ಅನ್ನುತ್ತಾಳೆ. ಅದನ್ನು ‘ಬರ್ತೀನಿ’ ಅಂತ ಮಾಡಿದ್ದೆ, ಕೊನೇ ಗಳಿಗೆಯಲ್ಲಿ ವಾಪಸ್ ಹಾಕಿದೆ. ನಮ್ಮಲ್ಲಿ ಹೋಗುವವರು ‘ಬರ್ತೀನಿ’ ಅಂತಾರೆ. ಇವಳು ಬರುವವಳಲ್ಲ.

ಆಮೇಲೆ ಮತ್ತೆ ಸ್ಪೈಕ್, ಜೆಟ್ ಇರುವ ಬೀಬಾಪ್ ಹಡಗು. ಮತ್ತೆ ಕತ್ತಲಲ್ಲಿ ಸ್ಪೈಕ್, ಮತ್ತೆ ದಪ್ಪ ಮೆಣಸಿನಕಾಯಿ.

‘ರಿಮೋಟ್ ಒತ್ತಿದ್ಯೇನೋ? ಹಿಂದಕ್ಕೆ ಹೋಯ್ತಲ್ಲ’ ಅಂದರು ಅಪ್ಪ.

‘ಇಲ್ಲಪ್ಪ, ಇದು ಕೊನೆ.’

‘ಹಂಗಾದ್ರೆ ದುಡ್ಡು ಸಿಗ್ಲಿಲ್ವಾ?’

ಅಮ್ಮ ಟಿವಿಯ ತಟ್ಟೆಯನ್ನೇ ನೋಡುತ್ತಿದ್ದಳು. ‘ಅಷ್ಟು ದೊಡ್ಡುರಿಯಲ್ಲಿ ಹುರಿದರೆ ಒಳಗೆ ಬೇಯಲ್ಲ’ ಅಂದಳು.

ತಿದ್ದಬೇಕಾದ್ದು: ಎರಡು ಕಡೆ ಸಾಲು ಅರ್ಧ ಸೆಕೆಂಡ್ ತಡ, ಒಂದು ಕಡೆ ‘ಇನಾಮಿನವರು’ ಬದಲು ಹಳೇ ‘ತಲೆಬೇಟೆಗಾರ’ ಉಳಿದುಬಿಟ್ಟಿದೆ. ಎರಡನೇ ಕಂತು ಮುಂದಿನ ಶನಿವಾರದಿಂದ.