ಒಂದು ತನಿ, ಒಂದು ಕೂಳೆ

ಬ್ಯಾಂಕಿನ ಅಧಿಕಾರಿ ಪಹಣಿಯ ಮೇಲೆ ಒಮ್ಮೆ ಕಣ್ಣಾಡಿಸಿ ಅದನ್ನು ಅಪ್ಪನ ಕಡೆಗೇ ಸರಿಸಿದರು. "ಇದು ಕೃಷಿ ಜಮೀನು. ಎಜುಕೇಷನ್ ಲೋನಿಗೆ ಅಡಮಾನ ತಗೊಳ್ಳಲ್ಲ. ಸೈಟು, ಮನೆ ಏನಾದ್ರೂ ಇದೆಯಾ?"

ಅಪ್ಪನಿಗೆ ಅದು ತಲೆಗೆ ಹೋಗಲೇ ಇಲ್ಲ. "ಅಲ್ಲ ಸಾ, ಸೊಸೈಟೀಲಿ ಇದೇ ಪಾಣಿ ಮಡಿಕೊಂಡು ಸಾಲ ಕೊಡ್ತಾರಲ್ಲ?" ಅಂದ. ಅದು ಬೆಳೆ ಸಾಲ, ಇದು ಬೇರೆ ಎಂದು ಅವರು ತಾಳ್ಮೆಯಿಂದಲೇ ಹೇಳಿದರು. ಏಳೂವರೆ ಲಕ್ಷದವರೆಗೆ ಅಡಮಾನ ಬೇಡ, ಅದರಿಂದಾಚೆಗೆ ಬೇಕು. ನನಗೆ ಬೇಕಾಗಿದ್ದದ್ದು ಅದರ ಎಷ್ಟೋ ಪಟ್ಟು. ಊರಿನ ಮನೆ ಇನ್ನೂ ತಾತನ ಹೆಸರಿನಲ್ಲೇ ಇದೆ. ಭಾಗ ಆಗಿಲ್ಲ, ಇ-ಸ್ವತ್ತು ಆಗಿಲ್ಲ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ಕುಡಿಯುವ ಎರಡು ಎಕರೆ ಹತ್ತು ಗುಂಟೆ ಗದ್ದೆ ಬಿಟ್ಟರೆ ನಮಗೆ ಬೇರೆ ಆಸ್ತಿ ಅಂತ ಏನೂ ಇಲ್ಲ. ಅಪ್ಪ ಪಹಣಿಯನ್ನು ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರನ್ನು ಅಂಗಿಯೊಳಗೆ ಇಟ್ಟುಕೊಂಡ.

ಅದು ಏಪ್ರಿಲ್ ಕೊನೆಯ ವಾರ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯ ಕೊಟ್ಟಿದ್ದ ಸೀಟಿಗೆ ಮುಂಗಡ ಕಟ್ಟಲು ಅದೇ ದಿನ ಕೊನೆ. ಅವರ ಸಂಜೆ ಐದು ಗಂಟೆ ಅಂದರೆ ನಮ್ಮ ರಾತ್ರಿ ಒಂಬತ್ತೂವರೆ. ನೆದರ್ಲೆಂಡ್ಸಿನ ವಾಗೆನಿಂಗೆನ್‌ನಿಂದ ಬಂದ ಪತ್ರಕ್ಕೆ ಇನ್ನೂ ಒಂದಷ್ಟು ದಿನ ಇತ್ತು. ಲಂಡನ್ನಿನ ಮೂರನೆಯ ಪತ್ರವನ್ನು ಖರ್ಚಿನ ಲೆಕ್ಕ ಹಾಕಿದ ದಿನವೇ ಬದಿಗಿಟ್ಟಿದ್ದೆ. ವೀಸಾ ಅರ್ಜಿಯಲ್ಲಿ ಒಂಬತ್ತು ತಿಂಗಳ ಜೀವನವೆಚ್ಚ ತೋರಿಸಬೇಕು, ಲಂಡನ್ನಾದರೆ ಆ ಮೊತ್ತವೇ ಹೆಚ್ಚು. ಮೂರೂ ಕಡೆ ನಾನು ಹಾಕಿದ್ದು ಅಭಿವೃದ್ಧಿ ಅಧ್ಯಯನದ ಸ್ನಾತಕೋತ್ತರ ಪದವಿಗೆ. ಅದೇನು ಓದು ಎಂದು ಊರಿನಲ್ಲಿ ಕೇಳಿದವರಿಗೆ, ಒಂದು ಊರು ಮುಂದೆ ಬಂದು ಪಕ್ಕದ ಊರು ಯಾಕೆ ಹಿಂದೆ ಉಳಿಯುತ್ತದೆ ಎಂದು ತಿಳಿಯುವ ಓದು ಅಂತ ಹೇಳುತ್ತಿದ್ದೆ. ಅದಕ್ಕಿಂತ ಚೆನ್ನಾಗಿ ಹೇಳಲು ಇವತ್ತಿಗೂ ನನಗೆ ಬರುವುದಿಲ್ಲ.

ಅರ್ಜಿ ಹಾಕಿದ ವರ್ಷವೆಲ್ಲ ಒಂದೊಂದು ಬಗೆಯ ಪಾಠ. ಮೈಸೂರಿನ ಒಬ್ಬ ಏಜೆಂಟರ ಬಳಿ ಹೋದಾಗ, "ಡೆವಲಪ್‌ಮೆಂಟ್ ಓದಿದ್ರೆ ಕೆಲಸ ಎಲ್ಲಿದೆ ಮೇಡಂ, ಬಿಸಿನೆಸ್ ಅನಲಿಟಿಕ್ಸ್ ತಗೊಳ್ಳಿ" ಅಂದರು. ಏಜೆಂಟರಿಗೆ ಕಮಿಷನ್ ಬರುವುದು ವಿಶ್ವವಿದ್ಯಾಲಯಗಳಿಂದ, ಹಾಗಾಗಿ ತಮಗೆ ಸಂಬಂಧವಿರುವ ಕಡೆಗೇ ತಳ್ಳುತ್ತಾರೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅರ್ಜಿಯನ್ನು ನಾವೇ ಹಾಕಬಹುದು. ಕೂತು ಓದುವ ಸಹನೆ ಇದ್ದರೆ ಸಾಕು. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಬರೆದೆ. ಅದಕ್ಕೆ ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಓದು ಮುಗಿಸಿ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು. ನಾಯಕತ್ವದ ಬಗ್ಗೆ ಒಂದು ಪ್ರಬಂಧ ಕೇಳುತ್ತಾರೆ. ನಾನು ಮೂರು ವರ್ಷ ಮಾಡಿದ್ದು ನೀರು ಬಳಕೆದಾರರ ಸಹಕಾರ ಸಂಘಗಳ ಜೊತೆಗಿನ ಕೆಲಸ: ಯಾವ ತೂಬಿಗೆ ಯಾವ ರಾತ್ರಿ ನೀರು, ನೀರಿನ ಕರ ಯಾರು ಕಟ್ಟಿದರು, ಯಾರು ಕಟ್ಟಲಿಲ್ಲ. ಆ ಪ್ರಬಂಧವನ್ನು ಹನ್ನೊಂದು ಸಲ ಬರೆದೆ. ವಿದ್ಯಾರ್ಥಿವೇತನ ಸಿಗಲಿಲ್ಲ. ಆದರೆ ನನ್ನ ಕೆಲಸ ಏನು ಎಂದು ನನಗೇ ಮೊದಲ ಸಲ ಸರಿಯಾಗಿ ತಿಳಿದದ್ದು ಆ ಹನ್ನೊಂದು ಸಲದಲ್ಲಿ.

ಬ್ಯಾಂಕಿನಿಂದ ಆಚೆ ಬಂದಾಗ ಹನ್ನೆರಡು ದಾಟಿತ್ತು. ಎಲ್ಲಿಗೆ ಹೋಗುವುದು ತೋಚದೆ ಮಾನಸಗಂಗೋತ್ರಿಯ ಕಡೆಗೆ ಆಟೋ ಹತ್ತಿದೆವು. ಎಂ.ಎ. ಓದುವಾಗ ನಾನು ಕೂರುತ್ತಿದ್ದ ಜಾಗ, ಕುಕ್ಕರಹಳ್ಳಿ ಕೆರೆಯ ಏರಿ. ಮರದ ನೆರಳಲ್ಲಿ ಕೂತು ಅವ್ವ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದೆ. ಅಪ್ಪ ಅರ್ಧ ರೊಟ್ಟಿ ತಿಂದು ಕೈ ತೊಳೆದುಬಿಟ್ಟ.

"ಅಭಿವೃದ್ಧಿ ಓದಾಕೆ ಅಲ್ಲಿಗ್ಯಾಕೆ ಓಗ್ಬೇಕವ್ವ? ಇಲ್ಲೇ ಇಲ್ವಾ?" ಅಂದ. ಬೇಸರದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ.

ಇಲ್ಲೂ ಇದೆ. ನಾವು ಕೂತಿದ್ದ ಏರಿಯ ಆಚೆಗೇ, ಅದೇ ಮಾನಸಗಂಗೋತ್ರಿಯೊಳಗೆ ಅಭಿವೃದ್ಧಿ ಅಧ್ಯಯನ ಸಂಸ್ಥೆ ಇದೆ. ಅದಕ್ಕೇ ನಾನು ಅಪ್ಪನಿಗೆ ಸ್ಕಾರ್ಲೆಟ್ ಎಪ್‌ಸ್ಟೀನ್ ಕಥೆ ಹೇಳಬೇಕಾಯಿತು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಊರು ಬಿಟ್ಟು ಇಂಗ್ಲೆಂಡ್ ಸೇರಿದ ಹೆಣ್ಣುಮಗಳು. ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿದ್ದಾಗ 1954ರಲ್ಲಿ ನಮ್ಮ ಮಂಡ್ಯಕ್ಕೆ ಬಂದು ಎರಡು ಹಳ್ಳಿಗಳಲ್ಲಿ ಎರಡು ವರ್ಷ ಕಳೆದರು. ಹಳ್ಳಿಗಳ ನಿಜವಾದ ಹೆಸರು ಮರೆಸಿ ವಂಗಲ, ದಲೇನ ಎಂದು ಕರೆದರು. ವಂಗಲಕ್ಕೆ ನಾಲೆ ನೀರು ಬಂತು. ದಲೇನ ನಾಲೆಗಿಂತ ಎತ್ತರದಲ್ಲಿತ್ತು, ಸುತ್ತ ಎಲ್ಲ ಗದ್ದೆಯಾದರೂ ಅದು ಹೊಲವಾಗಿಯೇ ಉಳಿಯಿತು. ಅವರು ಕಂಡದ್ದು ಏನೆಂದರೆ, ನೀರು ಬಂದ ಊರು ಕಬ್ಬು ಬೆಳೆದು ಕೈತುಂಬ ದುಡ್ಡು ನೋಡಿದರೂ ಹಳೆಯ ಕಟ್ಟುಪಾಡಿನಲ್ಲೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯಕ್ಕೆ ಹೋಗಿ ಕೆಲಸ ಹಿಡಿದರು, ವ್ಯಾಪಾರ ಮಾಡಿದರು, ಊರಿನ ನಡವಳಿಕೆಯೇ ಬದಲಾಯಿತು. 1962ರಲ್ಲಿ ಅದು ಪುಸ್ತಕವಾಯಿತು. ಮುಂದೆ ಆಕೆ ಸಸೆಕ್ಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲೇ ಕೆಲಸ ಮಾಡಿದರು. ಎಂ.ಎ. ಎರಡನೇ ವರ್ಷದಲ್ಲಿ ಅದನ್ನು ಓದಿದ ದಿನ ರಾತ್ರಿ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ನಮ್ಮ ನಾಲೆ, ನಮ್ಮ ಕಬ್ಬು, ನಮ್ಮ ಪಂಚಾಯ್ತಿ ಕಟ್ಟೆ, ಎಲ್ಲ ಮ್ಯಾಂಚೆಸ್ಟರ್‌ನ ಅಚ್ಚಿನಲ್ಲಿ.

ಅಪ್ಪ ಕೆರೆ ನೋಡುತ್ತ ಕೇಳಿಸಿಕೊಂಡ. "ಆಯಮ್ಮ ಏಳಿದ್ದು ದಿಟ ಕಣವ್ವ. ಹೊಲದ ಊರಿನವರೇ ಮೊದ್ಲು ಬೆಂಗಳೂರು ಕಂಡಿದ್ದು. ನಮ್ಗೆ ನೀರು ಬಂತು, ನಾವು ಗದ್ದೆ ಬುಟ್ಟು ಅಲ್ಲಾಡ್ನಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಈಗ ನೀರೂ ಕೊನೆಗಂಟ ಬರಾಕಿಲ್ಲ" ಅಂದ.

ಸಸೆಕ್ಸಿನ ಕಡೆ ನನ್ನ ಮನಸ್ಸು ವಾಲಿದ್ದು ಆ ಪುಸ್ತಕದಿಂದ. ಇನ್ನೊಂದು ಸೆಳೆತವೂ ಇತ್ತು. ಹಳ್ಳಿಯವರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬರೆದು ತಮ್ಮ ಸಮಸ್ಯೆಯನ್ನು ತಾವೇ ಹೇಳುವ ಪದ್ಧತಿಯನ್ನು ಜಗತ್ತಿಗೆ ಹರಡಿದ ರಾಬರ್ಟ್ ಚೇಂಬರ್ಸ್ ಅಲ್ಲಿಯವರು. ಅದು ಬೆಳೆದದ್ದರಲ್ಲಿ ನಮ್ಮ ಕರ್ನಾಟಕದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಪಾಲೂ ದೊಡ್ಡದು. ನಾನೂ ರಂಗೋಲಿ ಪುಡಿಯಲ್ಲಿ ನಾಲೆ ಬರೆಸಿದ್ದೇನೆ. ಗಂಡಸರು ತೂಬು, ಗೇಟು ಬರೆದರೆ ಹೆಂಗಸರು ಬಟ್ಟೆ ಒಗೆಯುವ ಸೋಪಾನ ಬರೆಯುತ್ತಿದ್ದರು. ಎರಡೂ ಒಂದೇ ನಾಲೆ.

ಆದರೆ ಪಠ್ಯಕ್ರಮದ ಪುಟಗಳನ್ನು ಮತ್ತೆ ಮತ್ತೆ ಓದಿದಾಗ ಬೇರೆಯದೇ ಕಾಣತೊಡಗಿತ್ತು. ಬ್ರಿಟನ್ನಿನಲ್ಲಿ ಒಂದೇ ವರ್ಷ. ಅಲ್ಲಿ 180 ಕ್ರೆಡಿಟ್ ಅನ್ನುತ್ತಾರೆ, ಯುರೋಪಿನ ಲೆಕ್ಕಕ್ಕೆ ತಂದರೆ 90. ತರಗತಿ ಮುಗಿದ ಮೇಲೆ ಬೇಸಿಗೆಯ ಕೆಲವು ತಿಂಗಳಲ್ಲಿ ಪ್ರಬಂಧ ಬರೆದು ಮುಗಿಸಬೇಕು. ವಾಗೆನಿಂಗೆನ್‌ನಲ್ಲಿ ಎರಡು ವರ್ಷ, 120 ಕ್ರೆಡಿಟ್. ಎರಡನೇ ವರ್ಷದ ಹೆಚ್ಚಿನ ಪಾಲು ಪ್ರಬಂಧಕ್ಕೇ. ತಿಂಗಳುಗಟ್ಟಲೆ ನಾಲೆಯ ಮೇಲೆ ಓಡಾಡಬಹುದು. ಅದು ಕೃಷಿ ಶಾಲೆಯಾಗಿ 1876ರಲ್ಲಿ ಶುರುವಾದ ಜಾಗ, ನೀರಾವರಿಯನ್ನು ಎಂಜಿನಿಯರಿಂಗೂ ಹೌದು, ಜಗಳವೂ ಹೌದು ಎಂದು ನೋಡುವವರು ಅಲ್ಲಿದ್ದಾರೆ. ಪೀಟರ್ ಮೋಲಿಂಗ ಎಂಬುವರು ನಮ್ಮ ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನೀರು ಯಾರಿಗೆ ಹೇಗೆ ಹಂಚಿಕೆಯಾಗುತ್ತದೆ ಎಂಬುದರ ಮೇಲೆಯೇ 1998ರಲ್ಲಿ ಅಲ್ಲಿ ಪಿಎಚ್‌.ಡಿ. ಪಡೆದರು. ಓದಿಗೆ ಹೋಗುವವರು ರ್‍ಯಾಂಕಿಂಗ್ ಪಟ್ಟಿ ನೋಡುವ ಹೊತ್ತಿನಲ್ಲಿ ಅರ್ಧದಷ್ಟನ್ನು ಅಲ್ಲಿ ಯಾರು ಯಾವ ಊರಿನ ಬಗ್ಗೆ ಬರೆದಿದ್ದಾರೆ ಎಂದು ಹುಡುಕಲು ಕೊಟ್ಟರೆ ಒಳ್ಳೆಯದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಪ್ಪನಿಗೆ ಡಚ್ಚರ ನೀರು ಮಂಡಳಿಗಳ ಬಗ್ಗೆ ಹೇಳಿದೆ. ಹದಿಮೂರನೇ ಶತಮಾನದಿಂದ ಬಂದವು, ಈಗ 21 ಇವೆ, ಅವಕ್ಕೇ ಬೇರೆ ಚುನಾವಣೆ, ಬೇರೆ ತೆರಿಗೆ. ಅರ್ಧ ದೇಶ ಮುಳುಗದೆ ಉಳಿದಿರುವುದು ಅವರ ದೆಸೆಯಿಂದ. ಅಪ್ಪ ದಿನಾ ಬೆಳಿಗ್ಗೆ ಪೇಪರಿನಲ್ಲಿ ಮೊದಲು ನೋಡುವುದು ಕನ್ನಂಬಾಡಿ ಅಣೆಕಟ್ಟಿನ ಮಟ್ಟ, ತುಂಬಿದರೆ 124.80 ಅಡಿ ಅನ್ನುವುದು ನಮ್ಮ ಮನೆಯಲ್ಲಿ ಮಗ್ಗಿಯ ಹಾಗೆ. ಅಂಥವನಿಗೆ ಈ ಮಾತು ರುಚಿಸುತ್ತದೆ ಎಂದುಕೊಂಡಿದ್ದೆ.

"ಅವ್ರಿಗೆ ನೀರು ಎಚ್ಚು ಅಂತೀಯ," ಅಂದ. "ಎಚ್ಚಾದ ನೀರ್ನ ಆಚೆಗಾಕಾಕೆ ಎಲ್ಲಾರೂ ಸೇರ್ತಾರೆ. ಸೇರ್ದೆ ಓದ್ರೆ ಎಲ್ಲಾರೂ ಮುಳುಗ್ತಾರೆ. ನಮ್ದು ಕಮ್ಮಿ ನೀರು. ಮೇಲ್ಗಡೆ ಗದ್ದೆಯವನಿಗೆ ಕೊನೇ ಗದ್ದೆಯವನು ಯಾಕೆ ಬೇಕು ಏಳು? ಅದ್ನ ಅಲ್ಲಿ ಕಲಿಸ್ತಾರಾ?"

ನನ್ನ ಬಳಿ ಉತ್ತರವಿರಲಿಲ್ಲ. ಮೂರು ವರ್ಷ ಸಂಘಗಳ ಸಭೆಗಳಲ್ಲಿ ಕೂತು, ನೀರನ್ನು ಸರದಿಯ ಮೇಲೆ ಬಿಡುವ ಕಟ್ಟು ಪದ್ಧತಿಯ ಪಟ್ಟಿ ಬರೆದು, ಮೂರು ವಿಶ್ವವಿದ್ಯಾಲಯಗಳಿಗೆ ಉದ್ದೇಶ ಪತ್ರ ಬರೆದು, ಈ ಪ್ರಶ್ನೆಯನ್ನು ನಾನು ಒಂದು ಸಲವೂ ಇಷ್ಟು ನೇರವಾಗಿ ಕೇಳಿಕೊಂಡಿರಲಿಲ್ಲ. "ಗೊತ್ತಿಲ್ಲ ಕಣಪ್ಪ" ಅಂದೆ. ಅದನ್ನು ಹುಡುಕಲು ಬೇಸಿಗೆಯ ಮೂರು ತಿಂಗಳು ಸಾಲುವುದಿಲ್ಲ ಎಂಬುದು ಮಾತ್ರ ಅಲ್ಲೇ, ಆ ಏರಿಯ ಮೇಲೇ ಗೊತ್ತಾಗಿಹೋಯಿತು. ಎರಡು ವರ್ಷ ಅಂದರೆ ಸಾಲವೂ ದೊಡ್ಡದು.

ಉಳಿದದ್ದು ಅತ್ತೆಯ ಮನೆ. ಅಪ್ಪನ ತಂಗಿ, ಮೈಸೂರಿನಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ. ಮಾವ ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಕಟ್ಟಿಸಿದ್ದು. ಅಲ್ಲಿಗೆ ಹೋಗೋಣ ಎಂದಾಗ ಅಪ್ಪ ಏಳಲೇ ಇಲ್ಲ. "ವರ್ಸ ವರ್ಸ ಗೌರಿ ಬಾಗಿನ ಕೊಡೋನು ನಾನು. ಅವಳ ಮನೆ ಪತ್ರ ಕೇಳಾದಾ?" ಅಂದ. ನಾನು ಏನೂ ಹೇಳಲಿಲ್ಲ. ಆ ಮಾತಿಗೆ ನಾನು ಏನು ಹೇಳಿದರೂ ತಪ್ಪೇ. ಕಾಲು ಗಂಟೆಯ ಮೇಲೆ ತಾನಾಗಿಯೇ ಎದ್ದು ಪಂಚೆ ಕೊಡವಿಕೊಂಡ.

ಅತ್ತೆಗೆ ಅವ್ವ ಬೆಳಿಗ್ಗೆಯೇ ಫೋನ್ ಮಾಡಿದ್ದಳಂತೆ. ನಾವು ಹೋದಾಗ ಮನೆ ಪತ್ರದ ಕವರು ಟೀವಿ ಸ್ಟ್ಯಾಂಡಿನ ಮೇಲಿತ್ತು. ಆದರೆ ಅತ್ತೆ ಅದನ್ನು ಎತ್ತಿ ಕೊಡಲಿಲ್ಲ. ಕಾಫಿ ಕೊಟ್ಟು, ಕನ್ನಡಕ ಹಾಕಿಕೊಂಡು, ನನ್ನ ಪಕ್ಕ ಕೂತು ಸಾಲದ ಅರ್ಜಿಯನ್ನು ಒಂದೊಂದು ಸಾಲಾಗಿ ನನ್ನಿಂದ ಕನ್ನಡದಲ್ಲಿ ಹೇಳಿಸಿದಳು. ಎಷ್ಟು ಸಾಲ? ಹೇಳಿದೆ. ಬಡ್ಡಿ ಯಾವಾಗಿಂದ? ದುಡ್ಡು ಕೊಟ್ಟ ದಿನದಿಂದಲೇ ಏರುತ್ತದೆ, ಕಂತು ಮಾತ್ರ ಓದು ಮುಗಿದ ಒಂದು ವರ್ಷಕ್ಕೆ. ಕೆಲಸ ಸಿಗುತ್ತದೆ ಅಂತ ಬರೆದುಕೊಡುತ್ತಾರಾ? ಇಲ್ಲ.

"ನೀನು ತೀರಿಸ್ದೆ ಓದ್ರೆ ಈ ಮನೆ ಓಯ್ತದಾ?"

"ಓಯ್ತದೆ ಅತ್ತೆ."

ಅಪ್ಪ ಬಾಗಿಲ ಕಡೆ ತಿರುಗಿ ಕೂತ. ಅತ್ತೆ ಹಾಳೆಗಳನ್ನು ಜೋಡಿಸಿ ಮೂಲೆ ಸರಿಮಾಡಿದಳು. "ಒಂದು ವರ್ಸದ್ದೂ ಒಂದದೆ ಅಂತಲ್ಲ, ಅದು ಕಮ್ಮಿ ಅಂತಲ್ಲ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ತಿರುಗದೆ ಹೇಳಿದ: "ಎರಡು ವರ್ಸ ಅಂದ್ರೆ ಏನಮ್ಮ? ಒಂದು ತನಿ, ಒಂದು ಕೂಳೆ. ಅಷ್ಟೇ."

ನೆಟ್ಟ ಕಬ್ಬು ಒಂದು ಸಲ ಕಡಿಯುವಷ್ಟು ಕಾಲ, ಆಮೇಲೆ ಅದೇ ಬುಡ ಚಿಗುರಿ ಇನ್ನೊಂದು ಸಲ ಕಡಿಯುವಷ್ಟು ಕಾಲ. ನಾನು ಎರಡು ವರ್ಷವನ್ನು ಯೂರೋಗಳಲ್ಲಿ ಎಣಿಸಿ ಎಣಿಸಿ ಸೋತಿದ್ದೆ.

"ಸರಿ, ನಿಮ್ಮ ಮಾವ ಬರ್ಲಿ. ಓದಿ ಸೈನ್ ಆಕ್ತಾರೆ" ಅಂದಳು ಅತ್ತೆ. ಮಾವ ಆರಕ್ಕೆ ಬಂದರು, ಅವರೂ ಮೊದಲಿನಿಂದ ಓದಿದರು, ಸಹಿ ಹಾಕಿದರು. ಹೊರಡುವಾಗ ಅಪ್ಪ ತಂಗಿಗೆ ಏನೋ ಹೇಳಲು ನೋಡಿದ, ಆಗಲಿಲ್ಲ. ಅತ್ತೆ ಅಪ್ಪನ ಚೀಲಕ್ಕೆ ನಾಲ್ಕು ಮಾವಿನಹಣ್ಣು ಹಾಕಿದಳು.

ಸಂಜೆಯ ರೈಲಿನಲ್ಲಿ ಜನ ತುಂಬಿದ್ದರು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಕಾವೇರಿಯಲ್ಲಿ ಬಂಡೆಗಳ ನಡುವೆ ಒಂದೆರಡು ಕಡೆ ಮಾತ್ರ ನೀರು ಮಿನುಗುತ್ತಿತ್ತು. ಸಸೆಕ್ಸಿಗೆ ಪತ್ರ ಬರೆಯಲು ಶುರು ಮಾಡಿದೆ. ಬರುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಹೇಳಿದ್ದರೆ ಆಗುತ್ತಿತ್ತು, ನನಗೆ ಮನಸ್ಸಾಗಲಿಲ್ಲ. ನಿಮ್ಮಲ್ಲಿ ಒಂದು ಕಾಲಕ್ಕೆ ಕೆಲಸ ಮಾಡಿದ ಒಬ್ಬರು ನಮ್ಮ ಜಿಲ್ಲೆಯ ಬಗ್ಗೆ ಬರೆದ ಪುಸ್ತಕದಿಂದಲೇ ನಾನು ಈ ಓದಿನ ದಾರಿ ಹಿಡಿದೆ ಎಂದೂ ಬರೆದೆ. ಪಾಂಡವಪುರ ದಾಟಿದ ಮೇಲೆ ಕಳಿಸಿದೆ.

ಮಂಡ್ಯ ಸ್ಟೇಷನ್ನಿನಲ್ಲಿ ಅಪ್ಪನಿಗೆ ನೀರುಗಂಟಿಯ ಫೋನ್ ಬಂತು. ನಮ್ಮ ತೂಬಿಗೆ ಇವತ್ತೇ ರಾತ್ರಿ ಪಾಳಿ, ಹನ್ನೊಂದರ ಮೇಲೆ. ಮನೆಗೆ ಹೋಗಿ ಊಟ ಮಾಡುವಷ್ಟೇ ಹೊತ್ತು. ಟಾರ್ಚು, ಗುದ್ದಲಿ ಹಿಡಿದು ಇಬ್ಬರೂ ಗದ್ದೆಗೆ ಹೋದೆವು. ಹನ್ನೊಂದಾಯಿತು, ಹನ್ನೆರಡೂವರೆಯಾಯಿತು. ಮೇಲ್ಗಡೆ ಯಾರದೋ ಗದ್ದೆಯಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು, ನಮ್ಮ ಕಾಲುವೆಯ ಮಣ್ಣು ಒಣಗಿಯೇ ಇತ್ತು. ಅಪ್ಪ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ. ನಾನು ಸಂಘದ ಹಳೆಯ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖು ಬರೆದು, ತೂಬಿನ ಸಂಖ್ಯೆ ಬರೆದು, ಪಕ್ಕದಲ್ಲಿ ಗಂಟೆ ಬರೆಯಲು ಜಾಗ ಬಿಟ್ಟೆ.

ನೀರು ಬಂದಾಗ ಒಂದು ಗಂಟೆ ನಲವತ್ತು ನಿಮಿಷ.