ತಂಗಡಿ ಶೀಟಲ್ಲಿ ನನ್ನ ಸುಳ್ಳು

ಮೈಸೂರಲ್ಲಿ ಬಿಎಸ್ಸಿ ಓದಿದ ಕಾಲೇಜಿಗೇ ಹೋದ ತಿಂಗಳು ಮತ್ತೆ ಹೋಗಿದ್ದೆ, ಬಾಟನಿ ಡಿಪಾರ್ಟ್‌ಮೆಂಟಲ್ಲಿ ಹಳೇ ಹರ್ಬೇರಿಯಂ ಶೀಟುಗಳ, ಅಂದ್ರೆ ಒಣಗಿಸಿದ ಗಿಡ ಅಂಟಿಸಿಟ್ಟ ಹಾಳೆಗಳ, ಲೇಬಲ್ ನೋಡ್ಕೊಂಡು ಕಂಪ್ಯೂಟರಿಗೆ ಹಾಕೋ ಕೆಲಸಕ್ಕೆ. ಗಿಡದ ಹೆಸರು, ಜಾಗ, ತಾರೀಖು, ಯಾರು ತಂದಿದ್ದು, ಇಷ್ಟೇ. ಬೀರು ತೆಗೆದ್ರೆ ನುಸಿ ಗುಳಿಗೆ ವಾಸನೆ ನೆತ್ತಿಗೇರುತ್ತೆ.

ಮೂರನೇ ಕಟ್ಟು ತಂಗಡಿದು. ನಮ್ಮ ಮಂಡ್ಯ ಕಡೆ ರಸ್ತೆ ಪಕ್ಕ, ಹೊಲದ ಬದುವಲ್ಲಿ ಹಳದಿ ಹೂ ಬಿಟ್ಕೊಂಡು ನಿಂತಿರುತ್ತಲ್ಲ ಅದೇ, ಹಿಂದೆ ಚರ್ಮ ಹದ ಮಾಡೋಕೆ ಅದರ ತೊಗಟೆ ಬಳಸ್ತಿದ್ರು. ಹಳೇ ಲೇಬಲಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ, ಅದು 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಪಕ್ಕದಲ್ಲಿ ಚಿಕ್ಕ ಚೀಟಿ, ಸೆನ್ನಾ ಆರಿಕ್ಯುಲೇಟಾ ಅಂತ. ಹೆಸರು ಬದಲಾದ್ರೂ ಹಳೇದನ್ನ ಯಾರೂ ಹೊಡೆದು ಹಾಕಲ್ಲ, ಚೀಟಿ ಅಂಟಿಸ್ತಾರೆ ಅಷ್ಟೆ. ಎಲೆ ಬುಡದಲ್ಲಿ ಕಿವಿ ಥರ ಅಗಲವಾದ ಎರಡು ಚೂರು ಇರುತ್ತೆ, ಆರಿಕ್ಯುಲೇಟಾ ಅನ್ನೋದು ಅದಕ್ಕೇ.

ಐದೋ ಆರೋ ಶೀಟ್ ಆದಮೇಲೆ ಒಂದರಲ್ಲಿ ಕೈಬರಹ ನೋಡಿ ಗಾಬರಿ ಆಯ್ತು, ನಂದೇ! ಜಾಗ: ಚಾಮುಂಡಿ ಬೆಟ್ಟ. ಸರ್ ಕೆಂಪು ಇಂಕಲ್ಲಿ ಟಿಕ್ ಬೇರೆ ಹಾಕಿದಾರೆ.

ಪೂರಾ ಸುಳ್ಳು. ಗಿಡ ತರೋಕೆ ಕ್ಲಾಸಿನವರೆಲ್ಲ ಬೆಟ್ಟ ಹತ್ತಿದ ದಿನ ನಾನು ಚಕ್ಕರ್ ಹೊಡೆದಿದ್ದೆ, ಆಮೇಲೆ 2009ರ ದಸರಾ ರಜೇಲಿ ಊರಿಗೆ ಹೋಗಿ ಕುಂತಿ ಬೆಟ್ಟದ ಹತ್ರ ನಮ್ಮ ಬದುವಲ್ಲಿ ಒಂದು ಕೊಂಬೆ ಮುರ್ಕೊಂಡು, ಪೇಪರ್ ಮಧ್ಯೆ ಇಟ್ಟು ಮೇಲೆ ರಾಗಿ ಮೂಟೆ ಹೇರಿದ್ದೆ. ಪೇಪರ್ ದಿನಾ ಬದಲಾಯಿಸ್ಬೇಕಿತ್ತು, ನಾನು ಎರಡೇ ಸಲ ಬದಲಾಯಿಸಿದ್ದು, ಅದಕ್ಕೇ ಒಂದು ಕಡೆ ಎಲೆ ಕಪ್ಪಾಗಿ, ಹೂವಿನ ಎಸಳಿಗೆ ಪೇಪರಿನ ಮಸಿ ಹತ್ತಿ ಕೂತಿದೆ. ಲೇಬಲ್ ಮಾತ್ರ ಪಕ್ಕದ ಹುಡುಗನ್ದು ನೋಡಿ ಇಳಿಸಿದ್ದು, ತಾರೀಖೂ ಸೇರಿ.

ಹಾಗೇ ಟೈಪ್ ಮಾಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಮುಂದೆ ಯಾರೋ ಆ ಬೆಟ್ಟದ ಗಿಡಗಳ ಲೆಕ್ಕ ಬರೆಯೋವಾಗ ನಮ್ಮ ಬದುವಿನ ಗಿಡಾನೂ ಅಲ್ಲೇ ಸೇರಿಸ್ಕೋತಾರಲ್ಲ. ಸರಿಯಾದ ಜಾಗ ಕೇಳೋಣ ಅಂತ ಅಮ್ಮಂಗೆ ಫೋನ್ ಹಾಕಿದೆ.

"ಯಾವ್ ತಂಗಡಿಲಾ? ಜೆಸಿಬಿ ತಂದು ಆ ಬದು ಕಿತ್ತು ಮೂರ್ ವರ್ಸ ಆಯ್ತು ಕಣ್ಲಾ. ಅದ್ ಬುಡು, ಊಟ ಆಯ್ತಾ?"

ಹಳೇ ಲೇಬಲ್ ಮುಟ್ಟಲಿಲ್ಲ. ಪಕ್ಕದಲ್ಲಿ ಚೀಟಿ ಅಂಟಿಸಿ ಬರೆದೆ: ಜಾಗ ತಪ್ಪು. ಕುಂತಿ ಬೆಟ್ಟದ ಹತ್ರ ಹೊಲದ ಬದು, ಪಾಂಡವಪುರ ತಾಲ್ಲೂಕು, 2009 ದಸರಾ ರಜೆ, ತಾರೀಖು ನೆನಪಿಲ್ಲ. ಕೆಳಗೆ ಸೈನ್ ಹಾಕಿದೆ.