ಪ್ರೊಸೆಸರ್ 64 ಬಿಟ್, ಕರ್ನಲ್ 32 ಬಿಟ್: ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ 13

ಮೊದಲ ದಿನ

ನನ್ನ ಹಳೇ ಕೋರ್ 2 ಡ್ಯುಯೋ ಲ್ಯಾಪ್‌ಟಾಪ್ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಚೆನ್ನಾಗೇ ಓಡುತ್ತಿತ್ತು. 13ಕ್ಕೆ ಏರಿಸೋಣ ಅಂತ ಕೂತಾಗ ಗೊತ್ತಾಯಿತು, 2025ರ ಆಗಸ್ಟ್‌ನಲ್ಲಿ ಬಂದ ಈ ಆವೃತ್ತಿಯಲ್ಲಿ ಐ386ಗೆ, ಅಂದರೆ 32 ಬಿಟ್ ಪಿಸಿಗಳಿಗೆ, ಇನ್‌ಸ್ಟಾಲರೂ ಇಲ್ಲ, ಸಿಸ್ಟಮ್ಮಿನ ತಿರುಳಾದ ಕರ್ನಲ್ಲೂ ಇಲ್ಲ. ‘ಯುನೇಮ್ -ಎಂ’ ಕಮಾಂಡ್ ಕೊಟ್ಟರೆ ಬಂದ ಉತ್ತರ ಐ686, ಅಂದರೆ 32 ಬಿಟ್. ಇನ್ನು ಈ ಮೆಷಿನ್ 12ರಲ್ಲೇ ನಿಲ್ಲಬೇಕು ಅಂದುಕೊಂಡು ಬೇಜಾರಿನಲ್ಲಿ ಮುಚ್ಚಿಟ್ಟೆ.

ಎರಡನೇ ದಿನ

ಪ್ರೊಸೆಸರ್ ವಿವರ ತೋರಿಸುವ ‘ಎಲ್‌ಎಸ್‌ಸಿಪಿಯು’ ಓಡಿಸಿ ನೋಡಿದೆ. ಮೊದಲ ಸಾಲಿನಲ್ಲಿ ಆರ್ಕಿಟೆಕ್ಚರ್ ಐ686. ಅದರ ಕೆಳಗೇ, ಆಪ್-ಮೋಡ್ ಸಾಲಿನಲ್ಲಿ, 32 ಬಿಟ್, 64 ಬಿಟ್ ಎರಡೂ! ಮೇಲಿನದು ಈಗ ಓಡುತ್ತಿರುವ ಕರ್ನಲ್‌ನ ಮಾತು, ಕೆಳಗಿನದು ಚಿಪ್‌ನ ಸಾಮರ್ಥ್ಯ. ಖಾತ್ರಿಗೆ ‘ಸಿಪಿಯುಇನ್ಫೋ’ ಫೈಲಿನ ಫ್ಲ್ಯಾಗ್‌ಗಳಲ್ಲಿ ‘ಎಲ್‌ಎಂ’ ಹುಡುಕಿದೆ. ಲಾಂಗ್ ಮೋಡ್, ಅಂದರೆ 64 ಬಿಟ್ ಮೋಡ್. ಇತ್ತು. ಹಿಂದೆ ಯಾವಾಗಲೋ 32 ಬಿಟ್ ಐಎಸ್ಒ (ಇನ್‌ಸ್ಟಾಲ್ ಮಾಡುವ ಫೈಲ್) ಹಾಕಿದ್ದೆ, ಅಷ್ಟೇ.

ಮೂರನೇ ದಿನ

ಇಂಟೆಲ್ ಚಿಪ್‌ಗೆ ‘ಎಎಂಡಿ64’ ಐಎಸ್ಒ ಇಳಿಸಿಕೊಳ್ಳಲು ಹಿಂಜರಿಯಬೇಕಿಲ್ಲ. ಈ 64 ಬಿಟ್ ವಿಸ್ತರಣೆಯನ್ನು ರೂಪಿಸಿದ್ದು ಎಎಂಡಿ. 2003ರಲ್ಲಿ ಅದರ ಆಪ್ಟೆರಾನ್ ಪ್ರೊಸೆಸರ್‌ನೊಂದಿಗೆ ಬಂತು, ಇಂಟೆಲ್ ಆಮೇಲೆ ಅದನ್ನೇ ಅಳವಡಿಸಿಕೊಂಡಿತು. ಹೆಸರು ಹಾಗೇ ಉಳಿಯಿತು.

ಓಡುತ್ತಿರುವ ಸಿಸ್ಟಮ್ಮನ್ನೇ 32ರಿಂದ 64ಕ್ಕೆ ಬದಲಿಸುವ ‘ಕ್ರಾಸ್‌ಗ್ರೇಡ್’ ದಾರಿಯೂ ಇದೆ. ನಡುವೆ ಒಂದು ಪ್ಯಾಕೇಜ್ ಕೈಕೊಟ್ಟರೂ ಸಿಸ್ಟಮ್ ಅರ್ಧಕ್ಕೆ ನಿಲ್ಲುತ್ತದೆ. ಹೋಮ್ ಫೋಲ್ಡರ್ ಬ್ಯಾಕಪ್ ತೆಗೆದು ಹೊಸದಾಗಿಯೇ ಇನ್‌ಸ್ಟಾಲ್ ಮಾಡಿದೆ.

64 ಬಿಟ್ ಇದ್ದ ಮಾತ್ರಕ್ಕೆ ಎಲ್ಲ ಡಿಸ್ಟ್ರೋ (ಡೆಬಿಯನ್‌ನಂಥ ಲಿನಕ್ಸ್ ಬಗೆ) ಓಡುತ್ತದೆ ಎಂದಲ್ಲ. ಎಕ್ಸ್86-64ರಲ್ಲಿ (ಎಎಂಡಿ64ರದೇ ಇನ್ನೊಂದು ಹೆಸರು) ವಿ1ರಿಂದ ವಿ4ರವರೆಗೆ ಹಂತಗಳಿವೆ. ವಿ2ಗೆ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್ ಎಂಬ ಚಿಪ್ ಸೂಚನೆಗಳು ಬೇಕು, ವಿ3ಗೆ ಎವಿಎಕ್ಸ್2. ನನ್ನ ಚಿಪ್‌ನ ಫ್ಲ್ಯಾಗ್ ಸಾಲಿನಲ್ಲಿ ಎಸ್‌ಎಸ್‌ಎಸ್‌ಇ3 ಇದೆ, ಎಸ್‌ಎಸ್‌ಇ4.2 ಇಲ್ಲ. ಹಾಗಾಗಿ ವಿ2 ಕೇಳುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಇದರಲ್ಲಿ ಏಳುವುದಿಲ್ಲ, ವಿ3 ಕೇಳುವ 10 ಅಂತೂ ದೂರದ ಮಾತು. ಡೆಬಿಯನ್ ಇನ್ನೂ ವಿ1ಕ್ಕೇ ಕಟ್ಟುತ್ತದೆ. ಹಳೇ ಮೆಷಿನ್ ಇಟ್ಟುಕೊಂಡವರಿಗೆ ಇದು ದೊಡ್ಡ ಉಪಕಾರ.

ನಾಲ್ಕನೇ ದಿನ

ನಾನೇ ಹಿಂದೆ ಕಂಪೈಲ್ ಮಾಡಿಟ್ಟಿದ್ದ ಪುಟ್ಟ ಪ್ರೋಗ್ರಾಂ ಓಡಿಸಿದರೆ ‘ಅಂಥ ಫೈಲೇ ಇಲ್ಲ’ ಎಂಬ ಎರರ್. ‘ಎಲ್‌ಎಸ್’ನಲ್ಲಿ ಫೈಲ್ ಕಣ್ಣೆದುರೇ ಇದೆ! ‘ಫೈಲ್’ ಕಮಾಂಡ್ ಕೊಟ್ಟಾಗ ಗುಟ್ಟು ಬಯಲಾಯಿತು: ಅದು 32 ಬಿಟ್ ಇಎಲ್‌ಎಫ್ (ಲಿನಕ್ಸ್ ಪ್ರೋಗ್ರಾಂಗಳ ಫೈಲ್ ರೂಪ). ಇಲ್ಲದಿದ್ದದ್ದು ಪ್ರೋಗ್ರಾಂ ಅಲ್ಲ, ಅದನ್ನು ಮೆಮೊರಿಗೆ ಎತ್ತಿಕೊಡಬೇಕಾದ 32 ಬಿಟ್ ಲೋಡರ್. ಡೆಬಿಯನ್‌ನ ಪ್ಯಾಕೇಜ್ ಸಾಧನ ‘ಡಿಪಿಕೆಜಿ’ಗೆ ಐ386 ಆರ್ಕಿಟೆಕ್ಚರ್ ಸೇರಿಸಿ, ಆಪ್ಟ್ ಅಪ್‌ಡೇಟ್ ಮಾಡಿ, 32 ಬಿಟ್ ಲಿಬ್‌ಸಿ (ಪ್ರೋಗ್ರಾಂಗಳಿಗೆ ಬೇಕಾದ ಮೂಲ ಲೈಬ್ರರಿ) ಹಾಕಿದ ಮೇಲೆ ಓಡಿತು. ಕರ್ನಲ್ ಹೋದರೂ ಈ ಲೈಬ್ರರಿಗಳನ್ನು 13ರಲ್ಲಿ ಉಳಿಸಿದ್ದಾರೆ.

ಇನ್ನು ಬಾಕಿ: ಆ ಪ್ರೋಗ್ರಾಂನ ಸೋರ್ಸ್ ಹುಡುಕಿ 64 ಬಿಟ್‌ಗೇ ಮತ್ತೆ ಕಂಪೈಲ್ ಮಾಡುವುದು. ಪಾಯಿಂಟರ್ 4 ಬೈಟ್‌ನಿಂದ 8 ಆಗಿದೆ, ಮೆಮೊರಿ ಎಷ್ಟು ಹೆಚ್ಚು ತಿನ್ನುತ್ತದೆ ಅಂತ ಒಂದು ವಾರ ಗಮನಿಸುವುದು.